ಮೆಕ್ಸಿಕೋದಲ್ಲಿ ಜಯಸಿಂಹನ ಪ್ರತಿಮೆ

"ಈ ಸಲ ಸಂಘದ ಅಧ್ಯಕ್ಷ ಆಗ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸಿ ಎಸೀತೀನಿ!"

ಜನವರಿಯ ಒಂದು ಭಾನುವಾರ ಷಿಕಾಗೋ ಪಕ್ಕದ ವೆಸ್ಟ್‌ಮಂಟಿನ ತನ್ನ ಅಡುಗೆಮನೆಯಲ್ಲಿ ನಿಂತು ಜಯಸಿಂಹ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಲಿಲ್ಲ. ಹಿಂದಿನ ದಿನದಿಂದ ಸುರಿಯುತ್ತಿದ್ದ ಹಿಮವೇ ಸುರಿಯುತ್ತಿತ್ತು. ಕೇಳಲು ಇದ್ದವಳು ಹೆಂಡತಿ ಪದ್ಮಜಾ ಒಬ್ಬಳೇ. ಅವಳು ಮಿಕ್ಸಿಯಲ್ಲಿ ಚಟ್ನಿ ತಿರುವುತ್ತಿದ್ದಳು. ಮಿಕ್ಸಿ ನಿಂತ ಮೇಲೆ ಪ್ರತಿಜ್ಞೆಯನ್ನು ಎರಡನೇ ಸಲ ಮಾಡಬೇಕಾಯಿತು.

"ಬೋಳಿಸ್ಕೊಳ್ಳಿ. ಸಾರು ಸೋಸೋ ಕೆಲಸ ಒಂದು ತಪ್ಪತ್ತೆ," ಎಂದಳು ಪದ್ಮಜಾ.

ಆ ಮೀಸೆಗೊಂದು ಇತಿಹಾಸವಿತ್ತು. ಜಯಸಿಂಹ ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಚಳವಳಿಗಾರ. ಓದಿದ್ದಕ್ಕಿಂತ ಕೂಗಿದ್ದೇ ಹೆಚ್ಚು. ನೀರಿಗೆ ಚಳವಳಿ, ಬಸ್ ದರಕ್ಕೆ ಚಳವಳಿ, ಹಾಸ್ಟೆಲಿನ ನೀರುನೀರು ಹುಳಿಗೂ ಚಳವಳಿ. ಅದರಲ್ಲೂ ಮಂತ್ರಿಗಳ ಪ್ರತಿಕೃತಿ ಸುಡುವುದರಲ್ಲಿ ಅವನದು ಎತ್ತಿದ ಕೈ. ಆ ಕೆಲಸ ಸುಲಭ ಎಂದುಕೊಂಡವರು ಒಮ್ಮೆ ಮಾಡಿ ನೋಡಬೇಕು. ಹಸಿ ಹುಲ್ಲು ತುಂಬಿದರೆ ಮಂತ್ರಿ ಹೊಗೆಯಾಡುತ್ತಾನೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಸೀಮೆಎಣ್ಣೆ ಹೆಚ್ಚಾದರೆ ಪತ್ರಿಕೆಯ ಫೋಟೋಗ್ರಾಫರ್ ಬರುವ ಮೊದಲೇ ಬೂದಿ. ಪೊಲೀಸರು ಲಾಠಿ ಎತ್ತುವುದಕ್ಕೂ ಮಂತ್ರಿಯ ತಲೆಗೆ ಬೆಂಕಿ ಏರುವುದಕ್ಕೂ ಸರಿಹೋಗಬೇಕು. ಮುಖ್ಯವಾಗಿ ಪ್ರತಿಕೃತಿಗೆ ಪ್ಯಾಂಟು ಬೇಕು. ಪ್ಯಾಂಟಿಲ್ಲದ ಮಂತ್ರಿಯನ್ನು ಸುಟ್ಟರೆ ಜನ ಮಂತ್ರಿಯನ್ನು ಬಿಟ್ಟು ಚಳವಳಿಯನ್ನು ನೋಡಿ ನಗುತ್ತಾರೆ.

ಹಾಗೆ ಒಂದು ಸಂಜೆ ಪ್ಯಾಂಟು ಸಿಗದೆ, ಜಯಸಿಂಹ ಸರಸ್ವತಿಪುರದ ಒಂದು ಕಾಂಪೌಂಡು ಹಾರಿ, ತಂತಿಯ ಮೇಲೆ ಒಣಗುತ್ತಿದ್ದ ಉಣ್ಣೆಯ ಪ್ಯಾಂಟು ಎಳೆದುಕೊಂಡು ಓಡಿದ. ಅದು ಪದ್ಮಜಾಳ ತಂದೆಯದು. ಹೆಡ್‌ಮಾಸ್ಟರರಾಗಿದ್ದ ಅವರು ಗಣರಾಜ್ಯೋತ್ಸವದ ದಿನ ಬಾವುಟ ಹಾರಿಸಲು ಮಾತ್ರ ಅದನ್ನು ಹಾಕುತ್ತಿದ್ದರು. ಮರುದಿನ ಪತ್ರಿಕೆಯ ಫೋಟೋದಲ್ಲಿ, ಉರಿಯುತ್ತಿದ್ದ ಮಂತ್ರಿಯ ಕಾಲಿನಲ್ಲಿ ಅಪ್ಪನ ಪ್ಯಾಂಟನ್ನು ಗುರುತು ಹಿಡಿದು ಜಗಳಕ್ಕೆ ಹೋದವಳು ಪದ್ಮಜಾ. ಆ ಜಗಳ ಇನ್ನೂ ಮುಗಿದಿಲ್ಲ. ನಡುವೆ ಒಂದು ಮದುವೆಯಾಯಿತು, ಅಷ್ಟೆ.

ಆ ಚಳವಳಿಗಾರನಲ್ಲಿ ಈಗ ಉಳಿದಿದ್ದು ಮೀಸೆ ಮತ್ತು ಗಂಟಲು. ಲಾಠಿಗೆ ಬೆನ್ನು ಕೊಟ್ಟವನು ಈಗ ಥರ್ಮೋಸ್ಟಾಟಿನ ಜೊತೆ ಹೋರಾಡುತ್ತಿದ್ದ. ಸರ್ಕಾರಕ್ಕೆ ಧಿಕ್ಕಾರ ಕೂಗಿದವನು ಹಿಮ ತೆಗೆಯುವ ಟ್ರಕ್ಕಿನವನಿಗೆ ಧಿಕ್ಕಾರ ಕೂಗುತ್ತಿದ್ದ, ಅದೂ ಕಿಟಕಿ ಮುಚ್ಚಿಕೊಂಡು. ಕೋಪ ಅವನಿಗೆ ಬಂದು ಹೋಗುವ ನೆಂಟನಲ್ಲ, ಮನೆಯಲ್ಲೇ ಬಿಡಾರ ಹೂಡಿದ ದಾಯಾದಿ.

ಇನ್ನು ಅವನು ಬಯಸಿದ ಪದವಿ. ಷಿಕಾಗೋದ ಪಶ್ಚಿಮ ಉಪನಗರಗಳ ಕನ್ನಡ ಸಂಘವೆಂದರೆ ನಾಲ್ಕು ಮಡಿಚುವ ಕುರ್ಚಿ, ಕಿರ್ರೆನ್ನುವ ಒಂದು ಮೈಕು, ಎಲ್ಲರೂ ಒಂದಲ್ಲ ಒಂದು ಸಲ ಹೊದ್ದ ಅದೇ ಒಂದು ಶಾಲು. ಯುಗಾದಿಗೆ ಹೋಳಿಗೆಯೋ ಜಾಮೂನೋ ಎಂದು ತೀರ್ಮಾನಿಸುವುದೇ ಅಧ್ಯಕ್ಷರ ಪರಮಾಧಿಕಾರ. ಅಷ್ಟಕ್ಕೆ ಜನ ವಿಧಾನಸೌಧಕ್ಕೆ ಏಣಿ ಹಾಕಿದವರಂತೆ ಕಾದಾಡುತ್ತಿದ್ದರು. ಜಯಸಿಂಹನ ಎದುರಾಳಿ ಪ್ಲೇನ್‌ಫೀಲ್ಡಿನ ಮಾಧವ. ಅವನು ಕರೆದರೂ ಹಾಡುತ್ತಿದ್ದ, ಕರೆಯದಿದ್ದರೂ ಹಾಡುತ್ತಿದ್ದ. ಎಲ್ಲರ ಜೋಕಿಗೂ ನಗುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ನಿಂತು ಕುರ್ಚಿ ಮಡಿಚುತ್ತಿದ್ದ. ಇಂಥವನನ್ನು ಸೋಲಿಸುವುದು ಹೇಗೆ? ಜಯಸಿಂಹ ಪದವಿ ಸ್ವೀಕಾರಕ್ಕೆಂದು ಹೊಸ ಸೂಟನ್ನಂತೂ ಹೊಲಿಸಿಟ್ಟಿದ್ದ. ಅದು ಕವರಿನೊಳಗೆ ನೇತಾಡುತ್ತ ಮತಗಳಿಗಾಗಿ ಕಾಯುತ್ತಿತ್ತು.

ಆಗ ಮೆಕ್ಸಿಕೋದಿಂದ ದೈವ ಕಣ್ಣು ತೆರೆಯಿತು.

ಮಗಳು ಜಾನ್ವಿ ಕಡಲ ಜೀವಶಾಸ್ತ್ರ ಓದುತ್ತಿದ್ದಳು. ಒಂದು ವರ್ಷದ ಮಟ್ಟಿಗೆ ಮೆಕ್ಸಿಕೋದ ಪೆಸಿಫಿಕ್ ತೀರದಲ್ಲಿ ಪುಯೆರ್ತೊ ಗಾರ್ಸಾ ಎಂಬ ಸಣ್ಣ ಊರಿನ ಕ್ಯಾಂಪಸ್ಸಿಗೆ ಹೋಗಿದ್ದಳು. ಕ್ಯಾಂಪಸ್ಸು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಅಲ್ಲಿ ಯಾರಿಗೂ ತಿಳಿಯದು. ವಿದ್ಯಾರ್ಥಿಗಳ ಊಟದ ಚಪ್ಪರಕ್ಕೆ ಗೋಡೆಯಿಲ್ಲ. ಅದರ ಪಕ್ಕದಲ್ಲೇ ಮೀನಿನ ಸಂತೆ. ಶನಿವಾರ ಬೆಸ್ತರೂ ಪ್ರೊಫೆಸರರೂ ಒಟ್ಟಿಗೆ ಕಡಲ ದಂಡೆ ಗುಡಿಸುತ್ತಿದ್ದರು. ಆಮೆಗಳು ಮೊಟ್ಟೆಯಿಟ್ಟ ಮರಳಿಗೆ ಬೇಲಿ ಕಟ್ಟಿ ಸರದಿಯ ಮೇಲೆ ಕಾವಲು ಕಾಯುತ್ತಿದ್ದರು. ಭಾನುವಾರ ಸಂಜೆ ಊರ ನಡುವಿನ ಚೌಕದಲ್ಲಿ ಬ್ಯಾಂಡು. ಹಲ್ಲಿಲ್ಲದ ಅಜ್ಜಿಯರು ಹುಡುಗರ ಕೈ ಹಿಡಿದೆಳೆದು ಕುಣಿಯಲು ಕಲಿಸುತ್ತಿದ್ದರು. ಜಾನ್ವಿ ಇದನ್ನೆಲ್ಲ ಹೇಳಲು ಬಾಯಿ ತೆರೆಯುತ್ತಿದ್ದಳು. ಜಯಸಿಂಹ ಮುಚ್ಚಿಸುತ್ತಿದ್ದ.

ಯಾಕೆಂದರೆ ದಿನಾ ಬೆಳಗ್ಗೆ ಅವಳ ತಿಂಡಿಯ ಹೊತ್ತಿಗೆ ವಿಡಿಯೋ ಕಾಲ್ ಮಾಡುವುದು ಅವನ ನಿತ್ಯಕರ್ಮ. "ಏನಮ್ಮಾ!" ಎಂಬ ಗರ್ಜನೆಯೊಂದಿಗೆ ಶುರು. ತಟ್ಟೆ ತೋರಿಸು, ಅದೇನು ಕೆಂಪಗೆ, ಪಕ್ಕದಲ್ಲಿ ಗಿಟಾರ್ ಬಾರಿಸುತ್ತಿರುವ ಸೋಮಾರಿ ಯಾರು, ಅವನ ಮಾರ್ಕ್ಸ್ ಎಷ್ಟು ಕೇಳು, ಅಡುಗೆಯವಳಿಗೆ ಮೊಸರನ್ನ ಗೊತ್ತಿಲ್ಲವೇ, ಆಮೆ ಕಾಯುವುದಕ್ಕಾ ನಿನ್ನನ್ನು ಓದಿಸಿದ್ದು. ಅದು ಮುಗಿದರೆ ಷಿಕಾಗೋ ಕನ್ನಡಿಗರ ಸಮೀಕ್ಷೆ: ಯಾರು ಹೇಗೆ ಹಾಡಿದರು, ಯಾರ ಚಕ್ಕುಲಿ ಹೇಗಿತ್ತು. ಅಲೆಯ ಸದ್ದಿನಲ್ಲಿ ಕೇಳಿಸದೆಂದು ಜಾನ್ವಿ ಸ್ಪೀಕರ್ ಹಾಕುತ್ತಿದ್ದಳು. ಹಾಕದಿದ್ದರೂ ನಡೆಯುತ್ತಿತ್ತು. ಗೆಳೆಯರು ಕೇಳಿದರೆ ಅವಳು ಸ್ಪ್ಯಾನಿಷಿನಲ್ಲಿ ಅರ್ಥ ಹೇಳುತ್ತಿದ್ದಳು; ಮೀನು ಮಾರುವವರು ಅರ್ಥ ಕೇಳುತ್ತಿರಲಿಲ್ಲ, ಬೈಗುಳ ಅವರಿಗೆ ಮಾತೃಭಾಷೆಯಂತೆ ತಿಳಿಯುತ್ತಿತ್ತು. ಕೆಲವೇ ವಾರಗಳಲ್ಲಿ ಊರಿನ ಮಕ್ಕಳೆಲ್ಲ ಬೆಸ್ತರ ದೋಣಿಗಳ ಹಿಂದಿನಿಂದ "ಏನಮ್ಮಾ!" ಎಂದು ಹಾರಿ ಒಬ್ಬರನ್ನೊಬ್ಬರು ಹೆದರಿಸುವ ಆಟ ಕಲಿತರು. ಇದು ಜಯಸಿಂಹನಿಗೆ ತಿಳಿಯದು. ತನ್ನ ದನಿ ಎಲ್ಲಿಯವರೆಗೆ ಹೋಗುತ್ತದೆಂದು ಅಷ್ಟು ಗಂಟಲಿರುವವನಿಗೆ ಎಂದೂ ತಿಳಿಯುವುದಿಲ್ಲ.

ಫೆಬ್ರವರಿಯ ಮೊದಲ ವಾರ ಜಾನ್ವಿಯೇ ಕಾಲ್ ಮಾಡಿದಳು.

"ಅಪ್ಪಾ, ಲಿಸನ್. ಇಲ್ಲಿ ಕಾರ್ನಿವಲ್‌ಗೆ ಪ್ರತಿ ವರ್ಷ ಊರೋರೆಲ್ಲ ವೋಟ್ ಮಾಡ್ತಾರೆ. ಮಾರ್ಕೆಟ್‌ನಲ್ಲಿ ಜಾರ್ ಇಟ್ಟಿರ್ತಾರೆ, ಅದ್ರೊಳಗೆ ಕಪ್ಪೆಚಿಪ್ಪು ಹಾಕೋದು. ಯೂಶ್ವಲಿ ಮೇಯರ್ ಗೆಲ್ತಾನೆ. ದಿಸ್ ಇಯರ್, ಯು ವನ್."

"ನಾನಾ? ಮೇಯರ್ ಎದುರಾ?"

"ಯಾ. ನಮ್ ಕ್ಯಾಂಪಸ್‌ನೋರು ನಿಂದೊಂದು ಹ್ಯೂಜ್ ಫಿಗರ್ ಮಾಡ್ತಿದಾರೆ. ಪ್ಲಾಜಾದಲ್ಲಿ ನಿಲ್ಲಿಸಿ, ಆಮೇಲೆ..."

ಜಯಸಿಂಹನ ಜೀವನದ ಅನಾಹುತಗಳೆಲ್ಲ ಇನ್ನೊಬ್ಬರು "ಆಮೇಲೆ" ಎಂದ ಜಾಗದಲ್ಲಿ ಅವನು ಬಾಯಿ ಹಾಕಿದ್ದರಿಂದಲೇ ಆದವು. ಪ್ರತಿಮೆ! ಊರ ಚೌಕದಲ್ಲಿ! ಚುನಾವಣೆಯಲ್ಲಿ ಗೆದ್ದು! ಅವನ ಎದೆ ಉಬ್ಬಿ ಅಂಗಿಯ ಗುಂಡಿ ನರಳಿತು.

"ಅಪ್ಪಾ, ಪೂರ್ತಿ ಕೇಳು. ನೀನು ಓಕೆ ಅಂದ್ರೇನೇ ಮಾಡೋದು ಅಂತ ನಾನು ಹೇಳಿದೀನಿ. ಯು ವೋಂಟ್ ಬಿ ಮ್ಯಾಡ್?"

"ಕೋಪ ಯಾಕಮ್ಮಾ? ಧಾರಾಳವಾಗಿ ಮಾಡ್ಲಿ. ಕಂಜೂಸ್‌ತನ ಬೇಡ ಅಂತ ಹೇಳು. ಮೀಸೆ ಮಾತ್ರ ಸರಿಯಾಗಿ ಬರ್ಲಿ."

ನೀನು ಇಷ್ಟು ಕೂಲ್ ಅಂತ ಗೊತ್ತೇ ಇರಲಿಲ್ಲ ಎಂದಳು ಜಾನ್ವಿ. ಹುಟ್ಟಿದಂದಿನಿಂದ ಮಗಳು ತನ್ನನ್ನು ಹೊಗಳಿದ್ದು ಅದೇ ಮೊದಲಾದ್ದರಿಂದ ಅವನಿಗೆ ಕಣ್ಣು ಒದ್ದೆಯಾಯಿತು. ಹಾಗಾದರೆ ನಿನ್ನ ಹಳೆಯ ಶರ್ಟು ಪ್ಯಾಂಟು ಕಳಿಸು ಎಂದು ಅವಳು ಫೋನಿಟ್ಟಳು.

ಪದ್ಮಜಾಗೆ ಮಾತ್ರ ಏನೋ ಸುಟ್ಟ ವಾಸನೆ ಹೊಡೆಯಿತು. "ಪ್ರತಿಮೆಗೆ ಪ್ಯಾಂಟ್ ಯಾಕ್ರೀ?"

"ಅಳತೆಗೆ ಕಣೇ. ಶಿಲ್ಪಿಗೆ ಅಳತೆ ಬೇಡ್ವಾ?"

"ಇಂಚಲ್ಲಿ ಬರೆದು ಕಳಿಸಿದ್ರೆ ಆಗ್ತಿರ್ಲಿಲ್ವಾ?"

ಕಲೆಯ ಬಗ್ಗೆ ನಿನಗೇನು ಗೊತ್ತು ಎಂದು ಜಯಸಿಂಹ ಅವಳ ಬಾಯಿ ಮುಚ್ಚಿಸಿದ. ಶರ್ಟು ಪ್ಯಾಂಟಿನ ಜೊತೆಗೆ, ಯಾರೂ ಕೇಳದಿದ್ದರೂ, ಹಿಂದೊಮ್ಮೆ ಸನ್ಮಾನದಲ್ಲಿ ಸಿಕ್ಕ ಮೈಸೂರು ಪೇಟವನ್ನೂ ಜರಿಯ ಶಲ್ಯವನ್ನೂ ಪೆಟ್ಟಿಗೆಗೆ ಹಾಕಿ ಕೊರಿಯರ್ ಮಾಡಿದ. ನೋಡಿ, ಎಂಥ ಮನುಷ್ಯ! ಜಗತ್ತಿನಲ್ಲಿ ಹಳೆಯ ಪ್ಯಾಂಟು ಬೇಡುವ ಪ್ರತಿಮೆ ಯಾವುದೆಂದು ಅವನಷ್ಟು ಬಲ್ಲವರು ಇಲಿನಾಯ್ ರಾಜ್ಯದಲ್ಲೇ ಇರಲಿಲ್ಲ. ಆದರೆ ತಲೆಗೆ ಪೇಟ ಏರಿದ ಮೇಲೆ ಒಳಗಿರುವುದು ಕೆಲಸ ನಿಲ್ಲಿಸುತ್ತದೆ.

ಅಂದೇ ಸಂಘದ ವಾಟ್ಸಾಪ್ ಗುಂಪಿನಲ್ಲಿ ಘೋಷಣೆ ಹೊರಟಿತು. ಪೆಸಿಫಿಕ್ ತೀರದಲ್ಲಿ ಕನ್ನಡಿಗನ ಪ್ರತಿಮೆ, ಮುಂದಿನ ಶನಿವಾರ ಸಂಜೆ ಅನಾವರಣ, ವೆಸ್ಟ್‌ಮಂಟಿನ ಸ್ವಗೃಹದ ಬೇಸ್‌ಮೆಂಟಿನಲ್ಲಿ ನೇರಪ್ರಸಾರ, ಉಪಾಹಾರವಿದೆ. ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಒಂದರ ಮೇಲೊಂದು ಬಿದ್ದವು. ಯಾಕೆ, ಯಾವ ಸಾಧನೆಗೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಸನ್ಮಾನಕ್ಕೆ ಕಾರಣ ಕೇಳುವುದು, ಮದುವೆಮನೆಯಲ್ಲಿ ವಧುವಿನ ವಯಸ್ಸು ಕೇಳಿದ ಹಾಗೆ. ಮಾಧವ ಕೂಡ ಒಂದು ಕಮಲದ ಚಿತ್ರ ಹಾಕಬೇಕಾಯಿತು. ಅದು ಸ್ವಲ್ಪ ಬಾಡಿದಂತೆ ಜಯಸಿಂಹನಿಗೆ ಕಂಡಿತು.

ಸಾಮಾನ್ಯ ಸಭೆ ಅದರ ಮರುದಿನವೇ, ಭಾನುವಾರ. ಶನಿವಾರ ಪ್ರತಿಮೆ, ಭಾನುವಾರ ಪದವಿ. ಇಂಥ ಮುಹೂರ್ತವನ್ನು ಪಂಚಾಂಗ ನೋಡಿದರೂ ಇಡಲಾಗುತ್ತಿರಲಿಲ್ಲ.

ಶನಿವಾರ ಸಂಜೆ ಬೇಸ್‌ಮೆಂಟು ತುಂಬಿತು. ಡೆಟ್ರಾಯಿಟ್ ಕಡೆಯ ಕನ್ನಡ ಸಂಘದ ಅಧ್ಯಕ್ಷ, ಧಾರವಾಡದ ದೇವೇಂದ್ರ, ಹಿಮ ಬಿದ್ದ ಹೈವೇಯಲ್ಲಿ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಮುಖ್ಯ ಅತಿಥಿಯಾಗಿ ಬಂದಿದ್ದ. ಶಾಲು ಹೊದಿಸುತ್ತಾರೆಂದರೆ ಆತ ಅಲಾಸ್ಕಾಕ್ಕೂ ಹೋಗುವ ಆಸಾಮಿ. ಸ್ಕೋಕಿಯಿಂದ ಅನುಸೂಯಮ್ಮ ಬಂದಿದ್ದರು. ಸಂಘಕ್ಕೆಲ್ಲ ಹಿರಿಯರು, ಪ್ರತಿ ಕಾರ್ಯಕ್ರಮಕ್ಕೂ ಚಕ್ಕುಲಿ ಮಾಡಿ ತರುವವರು. ಆ ದಿನವೂ ಒಂದು ಡಬ್ಬಿ ತಂದು, ಟಿವಿಯ ಎದುರಿನ ಸೋಫಾದಲ್ಲಿ ಮಧ್ಯಕ್ಕೆ ಕುಳಿತರು.

ದೀಪ ಬೆಳಗಿದ್ದಾಯಿತು. ಮಾಧವ ಪ್ರಾರ್ಥನೆ ಹಾಡಿದ್ದಾಯಿತು, ನಿಲ್ಲಿಸಲು ಚಪ್ಪಾಳೆ ತಟ್ಟಿದ್ದೂ ಆಯಿತು. ಜಯಸಿಂಹ ಎದ್ದು, ತಾನು ಜನರಿಗಾಗಿ ಏಟು ತಿಂದವನೆಂದೂ, ಪ್ರತಿಮೆ ಪದವಿ ಕೇಳಿದವನಲ್ಲವೆಂದೂ, ಆದರೆ ಜನ ತಾವಾಗಿ ಕೊಟ್ಟರೆ ಬೇಡ ಎನ್ನುವ ಅಹಂಕಾರ ತನಗಿಲ್ಲವೆಂದೂ ಮಾತನಾಡಿದ. ನಾಳೆಯ ಸಭೆಯ ವೇಳೆಯನ್ನು ಎರಡೆರಡು ಸಲ ನೆನಪಿಸಿದ. ಪರದೆ ಸರಿದ ಕ್ಷಣವೇ ಟಿವಿಗೆ ಮಂಗಳಾರತಿ ಎತ್ತಬೇಕೆಂದು ತಟ್ಟೆಯಲ್ಲಿ ಕರ್ಪೂರ ರಾಶಿ ಹಾಕಿಸಿದ್ದ. ಒಂದು ಊರಿನ ದೇವಸ್ಥಾನಕ್ಕೆ ವರ್ಷಕ್ಕಾಗುವಷ್ಟು.

ಟಿವಿಯಲ್ಲಿ ಪುಯೆರ್ತೊ ಗಾರ್ಸಾದ ಚೌಕ ಕಂಡಿತು. ಬಣ್ಣದ ದೀಪ, ತುತ್ತೂರಿ, ದೋಣಿ ಸಾಗಿಸುವ ಗಾಲಿಗಾಡಿ. ಬೆಸ್ತರೂ ವಿದ್ಯಾರ್ಥಿಗಳೂ ಹಗ್ಗ ಹಿಡಿದು ಎಳೆಯುತ್ತಿದ್ದರು. ಗಾಡಿಯ ಮೇಲೆ ನೀಲಿ ಬಟ್ಟೆ ಮುಚ್ಚಿದ ಎತ್ತರದ ಆಕೃತಿ. ಬಟ್ಟೆ ಜಾರಿತು.

ಅವನೇ. ಸಂಶಯವೇ ಇಲ್ಲ. ಎರಡು ಪೊರಕೆ ಕಟ್ಟಿದಂಥ ಮೀಸೆ, ತಲೆಯ ಮೇಲೆ ಮೈಸೂರು ಪೇಟ, ಟೊಮ್ಯಾಟೊ ಬಣ್ಣದ ಮುಖ, ಹುಬ್ಬುಗಳ ನಡುವೆ ಅಲೆಯಲೆಯಾಗಿ ಗಂಟು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯ ಬೆರಳು ಊರಿಗೆಲ್ಲ ಬುದ್ಧಿ ಹೇಳುವಂತೆ ಮುಂದೆ ಚಾಚಿತ್ತು.

"ಬೆರಳು ನೋಡಿ," ಎಂದ ಜಯಸಿಂಹ. "ಮಹಾಪುರುಷರ ಪ್ರತಿಮೆಗಳೆಲ್ಲ ಹೀಗೇ ಬೆರಳು ತೋರಿಸ್ತಾವೆ."

ಅಷ್ಟರಲ್ಲಿ ಚೌಕದ ಜನ ಒಕ್ಕೊರಲಿನಿಂದ ಕೂಗತೊಡಗಿದರು: "ಏನಮ್ಮಾ! ಏನಮ್ಮಾ! ಏನಮ್ಮಾ!" ಮುದುಕಿಯರು, ಮೀನುಗಾರರು, ತುತ್ತೂರಿಯವರು, ಹೆಗಲ ಮೇಲಿನ ಕೂಸುಗಳು. ಬೇಸ್‌ಮೆಂಟಿನಲ್ಲಿ ಮೈನವಿರೆದ್ದಿತು. ಮೆಕ್ಸಿಕೋದ ಕಡಲ ದಂಡೆಯಲ್ಲಿ ಕನ್ನಡ! ಜಯಸಿಂಹ ಕೈ ಜೋಡಿಸಿ ನಿಂತು ಅತ್ತ. ಪಕ್ಕದಲ್ಲಿದ್ದವರು ಕರ್ಪೂರಕ್ಕೆ ಕಡ್ಡಿ ಗೀರಿದರು.

ದೇವೇಂದ್ರ ಮಾತ್ರ ಟಿವಿಗೆ ಮೂಗು ತಾಗಿಸಿ ನೋಡುತ್ತಿದ್ದ. "ಏನ್ರೀ ಜಯಸಿಂಹ, ಮೂರ್ತಿ ಪ್ಯಾಂಟಿನಾಗಿಂದ ಹುಲ್ಲು ಉದುರಾಕತ್ತೈತಲ್ರೀ."

ಜಯಸಿಂಹ ನೋಡಿದ. ಒಣಹುಲ್ಲು. ಹದವಾಗಿ ಒಣಗಿದ್ದು, ಬಿಗಿಯಾಗಿ ತುಂಬಿದ್ದು, ಹಗ್ಗದಿಂದ ಮೊಣಕಾಲಿನಲ್ಲೊಂದು ಸೊಂಟದಲ್ಲೊಂದು ಕಟ್ಟು ಹಾಕಿದ್ದು. ಒಳ್ಳೆಯ ಕೆಲಸಗಾರರದೇ ಕೈ. ತಿರುಗಿ ಹೆಂಡತಿಯನ್ನು ನೋಡಿದ. ಪದ್ಮಜಾ ಆಗಲೇ ಅವನನ್ನು ನೋಡುತ್ತಿದ್ದಳು.

"ಈ ಥರ ಕಾಲು ನಾನು ಮುಂಚೆ ಒಂದ್ಸಲ ಪೇಪರ್‌ನಲ್ಲಿ ನೋಡಿದೀನಿ," ಎಂದಳು.

ಮೈಕು ಹಿಡಿದು ಜಾನ್ವಿ ಮುಂದೆ ಬಂದಳು. ಪಕ್ಕದಲ್ಲಿ ಒಬ್ಬ ಗೆಳತಿ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಂತೆ, ಹೊರನಾಡಿನ ವಿದ್ಯಾರ್ಥಿಗಳಿಗಾಗಿ ಇವಳು ಇಂಗ್ಲಿಷಿನಲ್ಲಿ ಹೇಳಿದಳು. ಈ ಊರಿನಲ್ಲಿ ಕಾರ್ನಿವಲ್ ಶುರುವಾಗುವ ಮುನ್ನ ಸಿಡುಕು ಸುಡುವ ಪದ್ಧತಿಯಿದೆ. ವರ್ಷದ ಅತಿ ದೊಡ್ಡ ಸಿಡುಕನನ್ನು ಜನ ಆರಿಸುತ್ತಾರೆ. ಅವನ ಬೊಂಬೆ ಸುಟ್ಟರೆ ಊರಿನ ಕೆಟ್ಟ ಕೋಪವೆಲ್ಲ ಹೋಗಿ ಹಬ್ಬ ಚೆನ್ನಾಗಿ ಆಗುತ್ತದೆ. ಈ ವರ್ಷದ ಸಿಡುಕ, ಮೇಯರರನ್ನು ಹೀನಾಯವಾಗಿ ಸೋಲಿಸಿದ ನನ್ನ ಅಪ್ಪ. ಅವರು ತುಂಬ ದೊಡ್ಡ ಮನಸ್ಸಿನಿಂದ ಒಪ್ಪಿಗೆ ಕೊಟ್ಟಿದ್ದಾರೆ. ಚಪ್ಪಾಳೆ! ಸುಡುವ ಮುನ್ನ, ಸಂಪ್ರದಾಯದಂತೆ, ಸಿಡುಕನ ಉಯಿಲು ಓದುತ್ತೇವೆ.

ಜಯಸಿಂಹ ರಿಮೋಟಿಗೆ ಹಾರಿದ. ಸೋಫಾದ ಮೇಲಿಲ್ಲ, ಕೆಳಗಿಲ್ಲ. ಅನುಸೂಯಮ್ಮ ರಿಮೋಟಿನ ಮೇಲೇ ಕುಳಿತಿದ್ದರು.

"ಅಮ್ಮಾ, ಸ್ವಲ್ಪ ಏಳಿ."

"ಇರಪ್ಪ, ಮಗು ಏನೋ ಓದ್ತಿದೆ."

ಉಯಿಲು ಇಡೀ ಬೇಸ್‌ಮೆಂಟಿಗೆ ಸ್ಪಷ್ಟವಾಗಿ ಕೇಳಿಸಿತು. ಪ್ಲೇನ್‌ಫೀಲ್ಡಿನ ಮಾಧವ ಅಂಕಲ್ ಹಾಡಿದರೆ ವೆಯ್ಟ್ ಕಳೆದುಹೋದ ಕುಕ್ಕರ್ ಕೂಗಿದಂತಾಗುತ್ತದಂತೆ. ಅವರಿಗೆ ಈ ಸಿಡುಕ ಒಂದು ಹೊಸ ವೆಯ್ಟ್ ಬಿಟ್ಟು ಹೋಗುತ್ತಿದ್ದಾನೆ. ಡೆಟ್ರಾಯಿಟ್ ಅಂಕಲ್ ವಂದನಾರ್ಪಣೆ ಶುರುಮಾಡಿದರೆ ಮುಗಿಯುವಷ್ಟರಲ್ಲಿ ಮಗುವಿಗೆ ಮೀಸೆ ಬರುತ್ತದಂತೆ, ಅವರಿಗೊಂದು ಗಡಿಯಾರ. ಚೌಕದಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾಧವ ಅಂಕಲ್ ಎಂದೊಡನೆ ಮೀನು ಮಾರುವ ಹೆಂಗಸೊಬ್ಬಳು ಕುಕ್ಕರಿನಂತೆ ಕೂಗಿಯೇಬಿಟ್ಟಳು. ದಿನಾ ಬೆಳಗ್ಗೆ ಕೇಳಿ ಕೇಳಿ ಆ ಊರಿಗೆ ಷಿಕಾಗೋದ ಕನ್ನಡಿಗರೆಲ್ಲ ಬಂಧುಗಳಂತೆ ಪರಿಚಯವಾಗಿದ್ದರು.

"ಅನುಸೂಯಮ್ಮನೋರೇ, ದಯವಿಟ್ಟು ಏಳಿ."

"ತಡಿ ಜಯಸಿಂಹ. ನಂದಿನ್ನೂ ಬಂದಿಲ್ಲ."

ಬಂತು. ಸ್ಕೋಕಿಯ ಅನುಸೂಯಮ್ಮ ಅಜ್ಜಿಯ ಚಕ್ಕುಲಿಯಿಂದ ಮುರಿದ ತನ್ನ ದವಡೆಹಲ್ಲನ್ನು ಸಿಡುಕ ಅವರಿಗೇ ವಾಪಸು ಮಾಡುತ್ತಿದ್ದಾನೆ. ಅನುಸೂಯಮ್ಮ ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು. ಹೆಂಡತಿ ಪದ್ಮಜಾಗೆ, ತಾನು ಬದುಕಿರುವವರೆಗೂ ಕೈಬಿಡದ ಟಿವಿ ರಿಮೋಟು. ಕೊನೆಗೆ, "ಮಗಳು ಜಾನ್ವಿಗೆ ಮ್ಯೂಟ್ ಬಟನ್."

ಬೆಂಕಿ ಇಟ್ಟರು. ಮೊದಲು ಹತ್ತಿಕೊಂಡದ್ದು ಮೀಸೆ.

ಅದೇ ಹೊತ್ತಿಗೆ ವೆಸ್ಟ್‌ಮಂಟಿನಲ್ಲಿ ಯಾರೂ ಗಮನಿಸದ ಕರ್ಪೂರದ ರಾಶಿ ಧಗಧಗಿಸಿ ಬೇಸ್‌ಮೆಂಟಿನ ಸೂರಿಗೆ ಕಪ್ಪು ಹೊಗೆ ಏರಿತು. ಸ್ಮೋಕ್ ಅಲಾರಂ ಒದರಿತು. ಒಂದು ಒದರಿದರೆ ಮನೆಯ ಎಲ್ಲ ಅಲಾರಂಗಳೂ ಒದರುವ ವ್ಯವಸ್ಥೆಯನ್ನು ಜಯಸಿಂಹನೇ ಹಟಮಾಡಿ ಹಾಕಿಸಿದ್ದ. ಅದು ನೇರವಾಗಿ ಅಗ್ನಿಶಾಮಕ ದಳಕ್ಕೂ ಸುದ್ದಿ ಮುಟ್ಟಿಸುತ್ತಿತ್ತು. ಅವನು ಆರತಿ ತಟ್ಟೆಯ ಮೇಲೆ ಸುರಿಯಲು ಕೈಗೆ ಸಿಕ್ಕ ಪಾತ್ರೆ ಎತ್ತಿದ. ಪಾಯಸದ್ದು. ಬೆಂಕಿ ಆರಿತು, ದೇವೇಂದ್ರನಿಗೆ ಹೊದಿಸಿದ್ದ ಹೊಸ ಶಾಲು ಶ್ಯಾವಿಗೆಯಲ್ಲಿ ನೆಂದಿತು.

ಹೆಲ್ಮೆಟ್ಟು ಬೂಟುಗಳ ಇಬ್ಬರು ದಡದಡನೆ ಇಳಿದು ಬಂದು ಬೆಂಕಿ ಎಲ್ಲಿ ಎಂದು ಕೇಳಿದರು. ಅನುಸೂಯಮ್ಮ ಕುಳಿತಲ್ಲಿಂದಲೇ ಟಿವಿಯತ್ತ ಕೈ ತೋರಿಸಿ, "ಮೆಕ್ಸಿಕೋ," ಎಂದರು.

ಅವರಲ್ಲೊಬ್ಬ ಟಿವಿ ನೋಡಿದ. ಜಯಸಿಂಹನ ಮೀಸೆ ನೋಡಿದ. ಮತ್ತೆ ಟಿವಿ ನೋಡಿದ. ಹೆಲ್ಮೆಟ್ಟು ತೆಗೆದು, ಬಂದು ಕೈ ಕುಲುಕಿದ. ಅವನ ಅಜ್ಜಿಯ ಊರೂ ಮೆಕ್ಸಿಕೋದ ಅಂಥದೇ ಕಡಲ ದಂಡೆಯಂತೆ. ಅಲ್ಲಿ ಮೇಯರು, ಶಾಸಕರು ಅಂಥವರನ್ನಷ್ಟೇ ಸುಡುವುದಂತೆ. ಖಾಸಗಿ ಮನುಷ್ಯನೊಬ್ಬ ಕೇವಲ ಸ್ವಂತ ಪ್ರತಿಭೆಯಿಂದ ಈ ಮಟ್ಟಕ್ಕೆ ಏರಿದ್ದನ್ನು ತಾನು ಕೇಳಿಯೇ ಇರಲಿಲ್ಲವಂತೆ. ಆತ ತಮಾಷೆಗೆ ಹೇಳಿದ್ದಲ್ಲ. ಆಮೇಲೆ ಕಿಟಕಿ ತೆರೆದಿಟ್ಟು ಹೋದರು. ಹತ್ತು ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಗಾಳಿ ಒಳಗೆ ನುಗ್ಗಿತು. ಜನ ಕೋಟು ಹಾಕಿಕೊಂಡು, ತಾವು ತಂದ ಪಾತ್ರೆಗಳನ್ನು ಎತ್ತಿಕೊಂಡು ಹೊರಟರು. ತಿಂಡಿ ಇದ್ದೂ ಪೊಟ್ಟಣ ಕಟ್ಟಿಸಿಕೊಳ್ಳದೆ ಕನ್ನಡಿಗರು ಹೊರಟದ್ದು ಆ ಮನೆಯಲ್ಲಿ ಅದೇ ಮೊದಲು.

ಜಾನ್ವಿ ಫೋನ್ ಮಾಡಿದಳು. "ಅಪ್ಪಾ, ನೋಡಿದ್ಯಾ? ಎವ್ರಿಬಡಿ ಲವ್ಡ್ ಯು!"

ಜೀವನದಲ್ಲಿ ಮೊದಲ ಸಲ ಜಯಸಿಂಹ ಅವಳ ಮಾತು 'ಆಮೇಲೆ'ಯವರೆಗೂ ಕೇಳಿದ. ಅಪ್ಪನನ್ನು ಸುಡಬೇಕೆಂದು ಮೊದಲು ಹೇಳಿದವಳು ಅಡುಗೆಯವಳಂತೆ. ಈಗ ಅವಳೇ ಮೊಸರನ್ನ ಕಲಿತಿದ್ದಾಳಂತೆ, ಬೈಸಿಕೊಳ್ಳುವ ಭಯಕ್ಕೆ. ಒಗ್ಗರಣೆಗೆ ಮೆಣಸಿನಕಾಯಿ ಮಾತ್ರ ಸ್ವಲ್ಪ ಜಾಸ್ತಿ. ಅವನಿಗೆ ಬೈಯಲು ಏನೂ ಸಿಗಲಿಲ್ಲ. ಸಾಸಿವೆ ಸಿಡೀತಾ ಎಂದಷ್ಟೇ ಕೇಳಿದ.

ಭಾನುವಾರ ಬೆಳಗ್ಗೆ ಅವನು ಶೇವಿಂಗ್ ಸೆಟ್ಟನ್ನು ಸಿಂಕಿನ ಪಕ್ಕಕ್ಕೆ ಇಟ್ಟುಕೊಂಡ. ಸೋತು ಬಂದ ಮೇಲೆ ಹುಡುಕುವುದು ಬೇಡವೆಂದು. ಲೈಬ್ರರಿಯ ಕೋಣೆಯಲ್ಲಿ ಸಂಘದ ಸಭೆ. ಕೊನೆಯ ಸಾಲಿನಲ್ಲಿ ಕುಳಿತ. ಮಾಧವನ ಹೆಸರು ಸೂಚಿಸಲು ಯಾರೋ ಏಳುವಷ್ಟರಲ್ಲಿ ಅನುಸೂಯಮ್ಮ ಎದ್ದರು.

"ಆ ಊರೋರು ಮಾಡಿದ್ದು ನಂಗೆ ಬಹಳ ಹಿಡಿಸ್ತು," ಎಂದರು. "ನಾವೂ ಯುಗಾದಿಗೆ ಮುಂಚೆ ಒಂದು ಸಿಡುಕು ಸುಡೋಣ. ಬೇವು ಬೆಲ್ಲ ಆಮೇಲೆ ತಿನ್ನೋಣ. ಪ್ರತಿ ವರ್ಷ ಸಂಘದ ಅಧ್ಯಕ್ಷರನ್ನೇ ಸುಡೋದು ಅಂತ ನಿಯಮ ಮಾಡಿಬಿಡಿ."

ಕೋಣೆಯಲ್ಲಿ ಸಂತೋಷದ ಅಲೆ ಎದ್ದಿತು. ಆ ಸಂಘ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ನಿಯಮ ಅಂಗೀಕಾರವಾದೊಡನೆ ಮಾಧವ ಎದ್ದು, ಮನೆ ಕಡೆ ಜವಾಬ್ದಾರಿ ಹೆಚ್ಚಾಗಿರುವುದರಿಂದ ತಾನು ಸ್ಪರ್ಧಿಸುತ್ತಿಲ್ಲ ಎಂದ. ಮುಖದಲ್ಲಿ ನಗು ಹಾಗೇ ಇತ್ತು. ಆರು ತಿಂಗಳಿನಿಂದ ಕುರ್ಚಿ ಮಡಿಚಿದ್ದೆಲ್ಲ ನೀರಿನಲ್ಲಿ ಹೋಮ. ಬೇರೆ ಯಾರಾದರೂ ಎಂದು ಕೇಳಿದರೆ ಎಲ್ಲರೂ ತಮ್ಮ ಫೋನು ನೋಡಿಕೊಂಡರು.

"ಜಯಸಿಂಹ ಇದಾನಲ್ಲ," ಎಂದರು ಅನುಸೂಯಮ್ಮ. "ಅವನಿಗೆ ಅಭ್ಯಾಸ ಇದೆ."

ಹೀಗೆ ಜಯಸಿಂಹ ಅವಿರೋಧವಾಗಿ ಅಧ್ಯಕ್ಷನಾದ. ಶಾಲು ಹೊದಿಸಿದರು. ಮೀಸೆ ಉಳಿಯಿತು. ಬಯಲಿನಲ್ಲಿ ಬೆಂಕಿ ಹಾಕಲು ಊರಿನ ಆಡಳಿತದ ಪರ್ಮಿಟ್ ಬೇಕಲ್ಲ; ಸಂಘದ ಪರವಾಗಿ ಅದಕ್ಕೆ ಅಪ್ಲೈ ಮಾಡುವವರು ಅಧ್ಯಕ್ಷರೇ. ಸುಡುವ ವಸ್ತು ಯಾವುದು ಎಂಬ ಪ್ರಶ್ನೆಗೆ ತನ್ನ ಹೆಸರನ್ನು ತಾನೇ ತುಂಬಿ ಸಹಿ ಹಾಕಿದ ಮೊದಲ ಕನ್ನಡಿಗ ಅವನೇ ಇರಬೇಕು.

ಯುಗಾದಿಯ ಹಿಂದಿನ ಮಧ್ಯಾಹ್ನ ಗರಾಜಿನಲ್ಲಿ ಹುಲ್ಲಿನ ಹೊರೆ ಬಿಚ್ಚಿ ಕುಳಿತ. ಪ್ರತಿಕೃತಿ ಕಟ್ಟುವ ಹೊಣೆಯೂ ಅವನ ಮೇಲೇ ಬಿದ್ದಿತ್ತು, ಸಂಘದಲ್ಲಿ ಆ ವಿದ್ಯೆ ಬಲ್ಲವರು ಬೇರೆ ಇರಲಿಲ್ಲ. ಕೈ ಏನೂ ಮರೆತಿರಲಿಲ್ಲ. ಹುಲ್ಲು ಹದವಾಗಿತ್ತು, ಸೊಂಟದ ಕಟ್ಟು ಬಿಗಿಯಾಗಿತ್ತು. ಮೀಸೆಗೆ ಹೊಸ ಪೊರಕೆ ತಂದಿದ್ದ. ಮೆಕ್ಸಿಕೋದವರದಕ್ಕಿಂತ ಚೆನ್ನಾಗಿಯೇ ಬಂತು. ದೂರ ನಿಂತು ನೋಡಿ ತಲೆದೂಗಿದ.

"ಪದ್ಮಾ, ಒಂದು ಹಳೇ ಪ್ಯಾಂಟ್ ಇದ್ರೆ ಕೊಡೇ."

ಪದ್ಮಜಾ ಬಂದಳು. ಅವಳ ಕೈಯಲ್ಲಿ ಹ್ಯಾಂಗರು. ಹ್ಯಾಂಗರಿನಲ್ಲಿ ಪದವಿ ಸ್ವೀಕಾರದ ಹೊಸ ಸೂಟಿನ ಪ್ಯಾಂಟು, ಇಸ್ತ್ರಿ ಮಾಡಿದ್ದು.

"ಇದಲ್ಲ ಕಣೇ, ಇನ್ನೂ ಒಂದ್ಸಲವೂ ಹಾಕ್ಕೊಂಡಿಲ್ಲ. ವರ್ಷಕ್ಕೊಂದ್ಸಲ, ಸಂಘದ ಫಂಕ್ಷನ್‌ಗೆ ಮಾತ್ರ ಹಾಕ್ಕೊಳ್ಳೋಣ ಅಂತ ಇಟ್ಟಿದ್ದು."

"ಗೊತ್ತು," ಎಂದು ಅವಳು ಅದನ್ನು ಹುಲ್ಲಿನ ಕಾಲುಗಳ ಮೇಲೆ ನೀಟಾಗಿ ಹರಡಿದಳು. "ನಮ್ಮಪ್ಪನೂ ಹಾಗಂತಾನೇ ಇಟ್ಟಿದ್ರು."